ಬೆಳಗಾವಿಗೆ ಓದಲು ಬಂದಿದ್ದೀರಾ? ಗಲ್ಲಿಗಳಾಚೆಯ ಊರನ್ನು ಹೀಗೆ ಸುತ್ತಿ

ಬೆಳಗಾವಿ ತೋರಿಸಿ ಅಂದರೆ ಎಲ್ಲರೂ ಕರೆದುಕೊಂಡು ಹೋಗುವುದು ಕೋಟೆಗೆ, ಕಮಲ ಬಸದಿಗೆ, ಖಡೇಬಜಾರ್‌ಗೆ. ಕೊನೆಗೆ ಕೈಗೊಂದು ಕುಂದಾ ಡಬ್ಬಿ. ಅದೆಲ್ಲ ಚೆನ್ನಾಗಿಯೇ ಇದೆ, ನೋಡಿ. ಆದರೆ ಓದಲು ಬಂದವರು ಒಂದು ದಿನದ ನೆಂಟರಲ್ಲ, ಮೂರ್ನಾಲ್ಕು ವರ್ಷ ಇರುವವರು. ಅವರ ರೂಂ, ಕಾಲೇಜು, ಖಾನಾವಳಿ, ಜೆರಾಕ್ಸ್ ಅಂಗಡಿ, ಸಂಜೆಯ ಚಹಾ ಬಹುಮಟ್ಟಿಗೆ ಹಳೇ ಗಲ್ಲಿಗಳ ಹೊರಗೇ ಇರುತ್ತವೆ. ಟಿಳಕವಾಡಿ, ಹಿಂದವಾಡಿ, ಉದ್ಯಮಬಾಗ, ನೆಹರು ನಗರ, ಮಚ್ಛೆ ಹೀಗೆ. ಈ ಬರಹ ಆ ಊರಿನ ಬಗ್ಗೆ.

ಹೊರಡುವ ಮೊದಲು ಒಂದು ವಿಷಯ ತಿಳಿದಿರಲಿ. ಹೊಸ ಬೆಳಗಾವಿಯನ್ನು ಯಾರೂ ಒಂದೇ ಸಲ ನಕ್ಷೆ ಹಾಕಿ ಕಟ್ಟಿಲ್ಲ. ಸೈನ್ಯಕ್ಕೆಂದು ಒಂದು ಭಾಗ ಬೆಳೆಯಿತು. ಕಾರ್ಖಾನೆಗಳಿಗೆಂದು ಒಂದು, ಕಾಲೇಜು-ಆಸ್ಪತ್ರೆಯ ಸುತ್ತ ಇನ್ನೊಂದು, ವಿಧಾನಮಂಡಲದ ಅಧಿವೇಶನಕ್ಕೆಂದು ಹೆದ್ದಾರಿ ಬದಿಯಲ್ಲಿ ಮತ್ತೊಂದು. ಹಾಗಾಗಿ ಪ್ರತಿ ಭಾಗಕ್ಕೂ ಅದರದೇ ಆದ ಹೊತ್ತು ಇದೆ. ಸೈನ್ಯದ ಭಾಗವಾದ ಕ್ಯಾಂಪ್‌ಗೆ ಬೆಳಗಿನ ಜಾವ ಹೋಗಬೇಕು, ಉದ್ಯಮಬಾಗಕ್ಕೆ ಕೆಲಸದ ದಿನ, ನೆಹರು ನಗರಕ್ಕೆ ಸಂಜೆ ಮೇಲೆ. ಎಲ್ಲವನ್ನೂ ಒಂದೇ ಭಾನುವಾರ ಬೈಕಿನಲ್ಲಿ ಸುತ್ತಿ ಮುಗಿಸುತ್ತೇನೆ ಅಂದರೆ ಕಾಣುವುದು ರಸ್ತೆ ಮಾತ್ರ. ಒಂದು ಸಲಕ್ಕೆ ಒಂದೇ ಭಾಗ, ಆದಷ್ಟು ನಡೆದುಕೊಂಡು.

ಜೇಬಿನಲ್ಲಿ ಏನಿರಬೇಕು

ಕಾಲೇಜಿನ ಗುರುತಿನ ಚೀಟಿ ಯಾವಾಗಲೂ ಇರಲಿ. ಕ್ಯಾಂಪಿನಲ್ಲಿ, ವಿಶ್ವವಿದ್ಯಾಲಯದ ಗೇಟಿನಲ್ಲಿ, ಗ್ರಂಥಾಲಯದಲ್ಲಿ ಕೇಳುವುದು ಅದನ್ನೇ. ಬಸ್ಸಿಗೆ ವಿದ್ಯಾರ್ಥಿ ಪಾಸು ಮಾಡಿಸಲು ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆದರೆ ಆ ಪಾಸು ಸಾಮಾನ್ಯವಾಗಿ ಮನೆ ಮತ್ತು ಕಾಲೇಜಿನ ನಡುವಿನ ಮಾರ್ಗಕ್ಕೆ ಮಾತ್ರ. ಊರು ಸುತ್ತಲು ಟಿಕೆಟ್ ತೆಗೆಯಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ. ಗಡಿ ಊರಾದ್ದರಿಂದ ಒಂದು ಎಚ್ಚರ: ಬೆಳಗಾವಿ ನಿಲ್ದಾಣದಲ್ಲಿ ಮಹಾರಾಷ್ಟ್ರದ ಬಸ್ಸುಗಳೂ ನಿಂತಿರುತ್ತವೆ. ಅವಕ್ಕೂ, ರಾಜ್ಯ ದಾಟಿ ಹೋಗುವ ನಮ್ಮ ಬಸ್ಸುಗಳಿಗೂ ಶಕ್ತಿ ಅನ್ವಯಿಸುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇನ್‌ಕೋಟ್ ಇಲ್ಲದೆ ಹೊರಡಬೇಡಿ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದ, ಸಹ್ಯಾದ್ರಿಯ ಮಗ್ಗುಲಿನ ಊರು ಇದು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಈ ಮಳೆ ಹೊಸದು. ಗಾಳಿಗೆ ಛತ್ರಿ ನಿಲ್ಲುವುದಿಲ್ಲ.

ಆಟೋ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿಕೊಳ್ಳಿ. "ಕಾಕಾ, ಥರ್ಡ್ ಗೇಟ್‌ಗೆ ಎಷ್ಟ್ ತಗೋತೀರಿ?" ಅಂದರೆ ಸಾಕು. ಜಾಸ್ತಿ ಅನ್ನಿಸಿದರೆ ಇನ್ನೊಂದು ಆಟೋದವರನ್ನು ಕೇಳಿ, ಜಗಳ ಬೇಡ.

ಮೊದಲು ದಿಕ್ಕು ಹಿಡಿಯಿರಿ

ರಾಣಿ ಚೆನ್ನಮ್ಮ ವೃತ್ತದಿಂದ ಶುರು ಮಾಡಿ. ಪ್ರತಿಮೆ, ಪಕ್ಕದಲ್ಲೇ ಗಣಪತಿ ಗುಡಿ, ಹತ್ತಿರದಲ್ಲಿ ಜಿಲ್ಲಾಧಿಕಾರಿ ಕಚೇರಿ, ಕೋರ್ಟು. ಇಲ್ಲಿಂದ ಕಾಲೇಜ್ ರಸ್ತೆ ಹಿಡಿದರೆ 1933ರ ಲಿಂಗರಾಜ ಕಾಲೇಜು ಸಿಗುತ್ತದೆ. ಇನ್ನೂ ಮುಂದೆ ಬೋಗಾರ್‌ವೇಸ್, ಅಂದರೆ ಧರ್ಮವೀರ ಸಂಭಾಜಿ ವೃತ್ತ. ಈ ದಾರಿಯನ್ನು ಒಮ್ಮೆ ನಡೆದುಬಿಡಿ. ಒಂದು ಕಡೆ ಹಳೇ ಪೇಟೆ, ಇನ್ನೊಂದು ಕಡೆ ಕ್ಯಾಂಪ್. ಎರಡರ ನಡುವಿನ ಗಡಿ ಇಲ್ಲೇ ಹಾದುಹೋಗುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ಬೆಳಗಾವಿಗೆ ಎರಡು ಪುಣೆ–ಬೆಂಗಳೂರು ರಸ್ತೆಗಳಿವೆ. ಊರೊಳಗೆ ಹಾಯುವುದು ಹಳೇ ಪಿ.ಬಿ. ರಸ್ತೆ. ಊರ ಹೊರಗೆ ಹಾಯುವುದು ರಾಷ್ಟ್ರೀಯ ಹೆದ್ದಾರಿ 48. ರಾತ್ರಿ ಬಸ್ಸಿನವರು "ಬೆಳಗಾವಿ ಇಳೀರಿ" ಎಂದು ಕೂಗಿದಾಗ ಇದು ಯಾವ ರಸ್ತೆ ಎಂದು ಕೇಳಿಕೊಂಡೇ ಇಳಿಯಿರಿ.

ಮೂರನೆಯ ಗುರುತು ರೈಲು ಹಳಿ. ದಕ್ಷಿಣದ ಬಡಾವಣೆಗಳ ವಿಳಾಸವನ್ನೆಲ್ಲ ಜನ ಹಳಿಯಿಂದಲೇ ಹೇಳುತ್ತಾರೆ: ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್. ಥರ್ಡ್ ಗೇಟ್ ಮೇಲೆ ಈಗ ಸೇತುವೆ ಆಗಿದೆ, ಆದರೂ ಹೆಸರು ಹೋಗಿಲ್ಲ. ಪಿನ್‌ಕೋಡ್ ಮರೆತರೂ ಪರವಾಗಿಲ್ಲ, ನಿಮ್ಮ ರೂಂ ಯಾವ ಗೇಟಿಗೆ ಹತ್ತಿರ ಎಂದು ಗೊತ್ತಿದ್ದರೆ ಮನೆ ಸೇರುತ್ತೀರಿ.

ಕ್ಯಾಂಪ್: ಬೆಳಗ್ಗೆ, ಕ್ಯಾಮೆರಾ ಒಳಗಿಟ್ಟು

ಕ್ಯಾಂಪ್ ಹೊಸದಲ್ಲವಲ್ಲ ಅನ್ನಬಹುದು. ವಯಸ್ಸಿನಲ್ಲಿ ಅಲ್ಲ, ನಿಜ. ಬ್ರಿಟಿಷರ ಕಾಲದ ದಂಡು ಪ್ರದೇಶ. 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಶಾಲೆ ಇರುವುದು ಇಲ್ಲೇ. ಆದರೆ ಅಗಲ ರಸ್ತೆ, ಸಾಲುಮರ, ಅಂಗಳದ ನಡುವೆ ಬಂಗಲೆ, ಇಂಥ ಊರಿನ ಕಲ್ಪನೆ ಬೆಳಗಾವಿಗೆ ಬಂದದ್ದು ಕ್ಯಾಂಪಿನಿಂದ. ಇದನ್ನು ನೋಡಿ ಆಮೇಲೆ ಟಿಳಕವಾಡಿಗೆ ಹೋದರೆ ಅಲ್ಲಿನ ರಸ್ತೆಗಳು ಯಾಕೆ ಹಾಗಿವೆ ಎಂದು ತಿಳಿಯುತ್ತದೆ.

ಮರಾಠಾ ಲಘು ಪದಾತಿ ದಳದ ಕೇಂದ್ರ ಈ ಕಡೆಯೇ ಇದೆ. ಬೆಳಗ್ಗೆ ಬೇಗ ಹೋದರೆ ಸೈನಿಕರು ಸಾಲಾಗಿ ಓಡುವುದು ಕಾಣುತ್ತದೆ. ಫೋಟೋ ತೆಗೆಯಲು ಹೋಗಬೇಡಿ, ರೀಲ್ಸ್ ಅಂತೂ ಬೇಡವೇ ಬೇಡ. ಸೈನ್ಯದ ಜಾಗದಲ್ಲಿ ಕ್ಯಾಮೆರಾ ನಿಷೇಧ, ಬೋರ್ಡು ಓದದೆ ಒಳಗೆ ಕಾಲಿಡುವುದೂ ತಪ್ಪು. ಯಾರಾದರೂ ತಡೆದು ಕೇಳಿದರೆ ಗುರುತಿನ ಚೀಟಿ ತೋರಿಸಿ, "ಸ್ಟೂಡೆಂಟ್ ಸರ್, ವಾಕಿಂಗ್ ಬಂದಿದ್ದೆ" ಅನ್ನಿ, ಬಂದ ದಾರಿ ಹಿಡಿಯಿರಿ. ಮಿಲಿಟರಿ ಮಹಾದೇವ ಗುಡಿಗೆ ಎಲ್ಲರೂ ಹೋಗಬಹುದು. ಅದರ ತೋಟದ ನೆರಳಲ್ಲಿ ಸುಮ್ನೆ ಕೂರುವವರೂ ಇದ್ದಾರೆ.

ಟಿಳಕವಾಡಿ: ಒಂದು ಪೂರ್ತಿ ಮಧ್ಯಾಹ್ನ

ಒಂದೇ ಭಾಗ ನೋಡಲು ಸಮಯವಿದ್ದರೆ ಟಿಳಕವಾಡಿ ನೋಡಿ. ನನ್ನ ಮಟ್ಟಿಗೆ ಬೆಳಗಾವಿ ಹೊಸ ಊರಾದದ್ದು ಇಲ್ಲಿ.

ರೈಲು ನಿಲ್ದಾಣದ ಹತ್ತಿರದ ಗೋಗಟೆ ವೃತ್ತದಿಂದ ನಡೆಯಿರಿ. ಹಳಿಗೆ ಜೊತೆಯಾಗಿ ಹೋಗುವ ರಸ್ತೆಯೇ ಕಾಂಗ್ರೆಸ್ ರಸ್ತೆ. ಈ ಹೆಸರು ಸುಮ್ನೆ ಬಂದದ್ದಲ್ಲ. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆದದ್ದು ಈ ಬಯಲಿನಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಅದಕ್ಕಾಗಿ ಎದ್ದ ತಾತ್ಕಾಲಿಕ ನಗರಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ಮುಂದೆ ನಿಂತು ಎಲ್ಲವನ್ನೂ ನಡೆಸಿದವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಇನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಆ ವೇದಿಕೆಯಲ್ಲಿ ಹಾಡಿದ್ದರು.

ಅಷ್ಟು ಜನಕ್ಕೆ ನೀರು ಬೇಕಲ್ಲ? ಅದಕ್ಕೆ ತೋಡಿದ ಬಾವಿ ಇಂದಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತಾರೆ. ಹತ್ತಿರದಲ್ಲೇ ವೀರಸೌಧ ಎಂಬ ಸ್ಮಾರಕ ಕಟ್ಟಿದ್ದಾರೆ, ಒಳಗೆ ಅಧಿವೇಶನದ ಫೋಟೋಗಳಿವೆ. ಎರಡನ್ನೂ ನೋಡಲು ಜಾಸ್ತಿ ಹೊತ್ತು ಬೇಕಿಲ್ಲ. ನೋಡಿದ ಮೇಲೆ ಹೊರಗೆ ನಿಂತು ಸುತ್ತಲಿನ ಮನೆ, ಅಪಾರ್ಟ್‌ಮೆಂಟ್, ಕೋಚಿಂಗ್ ಕ್ಲಾಸಿನ ಬೋರ್ಡುಗಳನ್ನು ಒಮ್ಮೆ ನೋಡಿ. ನೂರು ವರ್ಷದ ಹಿಂದೆ ಇಲ್ಲಿ ಸಾವಿರಾರು ಜನ ಡೇರೆ ಹಾಕಿಕೊಂಡಿದ್ದರು.

ಅಲ್ಲಿಂದ ಒಳರಸ್ತೆಗಳಿಗೆ ಹೊಕ್ಕು ವ್ಯಾಕ್ಸಿನ್ ಡಿಪೊ ಕಡೆ ಹೋಗಿ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಹಳೇ ಸಂಸ್ಥೆಯ ಆವರಣ ಅದು. ಈಗ ಊರಿನ ಜನ ಬೆಳಗ್ಗೆ-ಸಂಜೆ ನಡೆಯಲು ಬರುವ ಮರಗಳ ತೋಪು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ಇಲ್ಲಿ ಕೂರುವ ಹುಡುಗರನ್ನು ನೋಡಿದ್ದೇನೆ. ಓದುತ್ತಾರೋ ಇಲ್ಲವೋ ಬೇರೆ ಮಾತು, ಜಾಗ ಮಾತ್ರ ತಂಪು. ಜೋರು ಗಾಳಿ-ಮಳೆಯಲ್ಲಿ ಈ ಹಳೇ ಮರಗಳ ಕೆಳಗೆ ನಿಲ್ಲಬೇಡಿ. ಟಿಳಕವಾಡಿಯಲ್ಲಿ ಟೊಂಗೆ ಮುರಿದು ಬೀಳುವುದು ಮಳೆಗಾಲದ ಮಾಮೂಲಿ ಸುದ್ದಿ.

ಮುಂದೆ ಆರ್‌ಪಿಡಿ ಕ್ರಾಸ್. ರಾಣಿ ಪಾರ್ವತಿ ದೇವಿ ಕಾಲೇಜಿನಿಂದ ಬಂದ ಹೆಸರು. ಕಾಲೇಜು ಬಿಡುವ ಹೊತ್ತಿಗೆ ಹೋದರೆ ಬೆಳಗಾವಿಯ ಹುಡುಗ ಹುಡುಗಿಯರೆಲ್ಲ ಇಲ್ಲೇ ಇದ್ದಾರೇನೋ ಅನ್ನಿಸುತ್ತದೆ. ವಡಾಪಾವ್, ಗಿರಮಿಟ್, ಮಿಸಳ್, ಜ್ಯೂಸ್, ಮೊಬೈಲ್ ರಿಪೇರಿ, ಸೆಕೆಂಡ್‌ಹ್ಯಾಂಡ್ ಪುಸ್ತಕ ಯಾವುದೇ ಬೇಕಿದ್ದರೂ ಸುತ್ತಮುತ್ತ ವಿಚಾರಿಸಿ. ನನ್ನ ಸಲಹೆ: ಮೊದಲ ದಿನ ದುಡ್ಡು ಕೊಟ್ಟು ಕೆಫೆಗೆ ಹೋಗಬೇಡಿ. ಗಾಡಿಯ ಹತ್ತಿರ ನಿಂತು ತಿನ್ನಿ. ಯಾವ ಪಿ.ಜಿ. ಚೆನ್ನಾಗಿದೆ, ಯಾವ ಮೆಸ್ಸಿನಲ್ಲಿ ರೊಟ್ಟಿ ಬಿಸಿ ಕೊಡುತ್ತಾರೆ, ಯಾವ ಟ್ಯೂಶನ್ ಸುಮ್ನೆ ಹೆಸರಿಗೆ ಅಂತ ಅಲ್ಲಿ ನಿಂತವರ ಮಾತಿನಲ್ಲೇ ಗೊತ್ತಾಗುತ್ತದೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಬಂತು. ಕರ್ನಾಟಕದಿಂದ ಅದರಲ್ಲಿದ್ದದ್ದು ದಾವಣಗೆರೆ ಮತ್ತು ಬೆಳಗಾವಿ. ಮಂಡೋಳಿ ರಸ್ತೆಯಂಥ ಕಡೆ ಆ ಹಣದ ಕೆಲಸ ಕಾಣುತ್ತದೆ: ಸೈಕಲ್ ಪಟ್ಟಿ, ಅಗಲ ಫುಟ್‌ಪಾತ್. ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದುವವರು ಇದನ್ನು ಪಾಠ ಅಂದುಕೊಂಡೇ ನೋಡಬಹುದು. ಫುಟ್‌ಪಾತಿನ ಮೇಲೆ ಜನ ನಡೆಯುತ್ತಾರಾ, ಬೈಕು ನಿಲ್ಲುತ್ತವಾ, ಮಳೆ ನೀರು ಎಲ್ಲಿಗೆ ಹರಿಯುತ್ತದೆ ಎಂದು ಗಮನಿಸಿ. ಒಂದು ರಸ್ತೆ ಕಾಗದದಲ್ಲಿ ಹೇಗಿತ್ತು, ಐದಾರು ವರ್ಷ ಬಳಸಿದ ಮೇಲೆ ಹೇಗಾಯಿತು ಎಂಬುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಕಾಲು ಇನ್ನೂ ಗಟ್ಟಿ ಇದ್ದರೆ ಪಕ್ಕದ ಹಿಂದವಾಡಿಗೆ ಹೋಗಿ. ಅಲ್ಲಿ ಗುರುದೇವ ರಾನಡೆ ಮಂದಿರವಿದೆ. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತತ್ವಶಾಸ್ತ್ರದ ಪ್ರಾಧ್ಯಾಪಕ ಆರ್.ಡಿ. ರಾನಡೆಯವರ ಹೆಸರಿನದು. ತತ್ವಶಾಸ್ತ್ರ ಅಂದರೆ ಹೆದರುವವರೂ ಒಳಗಿನ ಶಾಂತಿಗಾಗಿ ಹೋಗಬಹುದು. ಚಪ್ಪಲಿ ಹೊರಗೆ, ಮೊಬೈಲ್ ಸೈಲೆಂಟ್.

ಉದ್ಯಮಬಾಗ, ಮಚ್ಛೆ: ಕೆಲಸದ ದಿನವೇ ಹೋಗಿ

ಖಾನಾಪುರ ರಸ್ತೆಯಲ್ಲಿ ಥರ್ಡ್ ಗೇಟ್ ದಾಟಿ ಮುಂದೆ ಹೋದರೆ ಊರಿನ ಸದ್ದೇ ಬೇರೆಯಾಗುತ್ತದೆ. ಫೌಂಡ್ರಿ, ಲೇಥ್, ಹೈಡ್ರಾಲಿಕ್ಸ್ ಸಾಮಾನು ಮಾಡುವ ಸಣ್ಣ ದೊಡ್ಡ ಕಾರ್ಖಾನೆಗಳು. ಅದೇ ಸಾಲಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳು. ಗೋಗಟೆ ತಾಂತ್ರಿಕ ಸಂಸ್ಥೆ 1979ರಲ್ಲಿ ಇಲ್ಲಿ ಶುರುವಾಯಿತು. ಕೆಎಲ್‌ಇ ಶಿಕ್ಷಣ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜೂ ಉದ್ಯಮಬಾಗದಲ್ಲೇ ಇದೆ. ಕ್ಲಾಸಿನಲ್ಲಿ ಎರಕದ ಪಾಠ ಕೇಳಿ, ರಸ್ತೆ ದಾಟಿ ಎರಕ ಹೊಯ್ಯುವುದನ್ನು ನೋಡುವ ಭಾಗ್ಯ ಎಷ್ಟು ಊರುಗಳಲ್ಲಿದೆ ಹೇಳಿ.

ಆದರೆ ಕಾರ್ಖಾನೆ ಸಂತೆಯಲ್ಲ, ಸುಮ್ನೆ ನುಗ್ಗಿದರೆ ಬಿಡುವುದಿಲ್ಲ. ಹೀಗೆ ಮಾಡಿ. ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಳ್ಳಿ. ಮೊದಲ ದಿನ ಗೇಟಿನ ಸೆಕ್ಯುರಿಟಿಯವರ ಹತ್ತಿರ ಮಾತಾಡಿ ವಾರದ ರಜೆ ಯಾವಾಗ, ಯಾರನ್ನು ಕಾಣಬೇಕು ಎಂದು ತಿಳಿದುಕೊಂಡು ವಾಪಸ್ ಬನ್ನಿ. ಎರಡನೇ ಸಲ ಪತ್ರ ಹಿಡಿದು ಹೋಗಿ. ಶೂ ಹಾಕಿಕೊಳ್ಳಿ, ದುಪಟ್ಟಾ, ಸಡಿಲ ತೋಳು ಬೇಡ. ಇಬ್ಬರೋ ಮೂವರೋ ಹೋದರೆ ಸಾಕು, ಇಡೀ ಗ್ಯಾಂಗ್ ಹೋದರೆ ಯಾರಿಗೂ ಇಷ್ಟವಾಗುವುದಿಲ್ಲ. ದೊಡ್ಡ ಕಂಪನಿಗಿಂತ ಐದಾರು ಜನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ ಕಲಿಯಲು ಜಾಸ್ತಿ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮಾಲೀಕರೇ ಮಷಿನ್ ಮುಂದೆ ನಿಂತಿರುತ್ತಾರೆ. "ಸರ್, ಇದನ್ನ ಹೆಂಗ ಹಿಡೀತೀರಿ?" ಎಂದು ಕೇಳಿದರೆ ಕೆಲಸ ನಿಲ್ಲಿಸಿ ತೋರಿಸುವವರಿದ್ದಾರೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಭಾಗ ಮಾಡಿಸಬೇಕಾದಾಗ ಈ ಪರಿಚಯ ಕೆಲಸಕ್ಕೆ ಬರುತ್ತದೆ.

ಇದೇ ರಸ್ತೆಯಲ್ಲಿ ಇನ್ನೂ ಮುಂದೆ ಮಚ್ಛೆ. 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಆವರಣ ಇಲ್ಲಿದೆ. ರಾಜ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಹೆಸರನ್ನು ಅಂಕಪಟ್ಟಿಯ ಮೇಲೆ ಓದಿರುತ್ತಾರೆ, ಜಾಗ ನೋಡಿದವರು ಕಡಿಮೆ. ಒಮ್ಮೆ ಹೋಗಿಬನ್ನಿ. ಕಚೇರಿ ಕೆಲಸವಿದ್ದರೆ ಬೆಳಗ್ಗೆಯೇ ಹೋಗಿ, ಊಟದ ಹೊತ್ತಿಗೆ ಕೌಂಟರ್ ಮುಂದೆ ನಿಂತು ಪ್ರಯೋಜನವಿಲ್ಲ. ಸಂಜೆ ಕಾರ್ಖಾನೆ, ಕಾಲೇಜು ಒಟ್ಟಿಗೆ ಬಿಟ್ಟಾಗ ಊರಿಗೆ ಬರುವ ಬಸ್ಸುಗಳು ತುಂಬಿರುತ್ತವೆ.

ನೆಹರು ನಗರ: ಸಂಜೆ ಮೇಲೆ

ಊರಿನ ಇನ್ನೊಂದು ಬದಿಗೆ ಬನ್ನಿ. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ, ಅದರ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರದು, ದೊಡ್ಡ ಆಸ್ಪತ್ರೆ. ಇವುಗಳ ಸುತ್ತ ಬೆಳೆದ ಬಡಾವಣೆ ಇದು. ಮೆಡಿಕಲ್ ಶಾಪು, ಲಾಡ್ಜು, ಹಣ್ಣಿನ ಗಾಡಿ, ಬಿಳಿ ಕೋಟಿನ ಹುಡುಗರು. ಇಲ್ಲಿ ಓಡಾಡುವವರಲ್ಲಿ ಅರ್ಧ ಜನ ಓದಲು ಬಂದವರು, ಅರ್ಧ ಜನ ರೋಗಿಗಳ ಕಡೆಯವರು. ಆಸ್ಪತ್ರೆ ಬಾಗಿಲ ಮುಂದೆ ಬೈಕ್ ನಿಲ್ಲಿಸಿ ಹರಟೆ ಹೊಡೆಯಬೇಡಿ, ಅಷ್ಟೇ.

ಇಲ್ಲಿನ ಕುಮಾರ ಗಂಧರ್ವ ಕಲಾಮಂದಿರದಲ್ಲಿ ಏನು ಕಾರ್ಯಕ್ರಮವಿದೆ ಎಂದು ಆಗಾಗ ವಿಚಾರಿಸುತ್ತಿರಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗನೇ ಮುಂದೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ ಆದದ್ದು. ನಾಟಕ, ಸಂಗೀತಕ್ಕೆ ಎಷ್ಟೋ ಸಲ ಟಿಕೆಟ್ಟೂ ಇರುವುದಿಲ್ಲ. ಸದಾಶಿವ ನಗರ, ಶಿವಬಸವ ನಗರ, ಮಹಾಂತೇಶ ನಗರ, ರಾಮತೀರ್ಥ ನಗರ ಬಹುಮಟ್ಟಿಗೆ ಮನೆಗಳ ಬಡಾವಣೆಗಳು, ಸುತ್ತಲು ಹೋಗುವಂಥದ್ದು ಕಡಿಮೆ. ಬಾಡಿಗೆ ಬೋರ್ಡು ನೋಡಲು ಹೋಗಿ.

ಸುವರ್ಣ ವಿಧಾನಸೌಧ: ಅಧಿವೇಶನ ಇದ್ದಾಗ, ಇಲ್ಲದಾಗ

ಹುಬ್ಬಳ್ಳಿ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಹಲಗಾ–ಬಸ್ತವಾಡ ಹತ್ತಿರ ದಿಬ್ಬದ ಮೇಲೆ ಕಾಣುವ ದೊಡ್ಡ ಬಿಳಿ ಕಟ್ಟಡ ಇದೇ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಆ ದಿನಗಳಲ್ಲಿ ಬೆಳಗಾವಿಯೇ ಬೇರೆ ಊರಾಗುತ್ತದೆ: ಲಾಡ್ಜ್ ಸಿಗುವುದಿಲ್ಲ, ಪೊಲೀಸರು ಎಲ್ಲೆಲ್ಲೂ, ರೈತರು, ನೇಕಾರರು, ಅತಿಥಿ ಉಪನ್ಯಾಸಕರು, ಅಂಗನವಾಡಿಯವರು ಎಲ್ಲರೂ ತಮ್ಮ ಬೇಡಿಕೆ ಹಿಡಿದು ಬಂದಿರುತ್ತಾರೆ. ರಾಜಕೀಯ ಶಾಸ್ತ್ರ, ಕಾನೂನು, ಪತ್ರಿಕೋದ್ಯಮ ಓದುವವರು ಕಾಲೇಜಿನ ಮೂಲಕ ಪ್ರವೇಶಪತ್ರಕ್ಕೆ ಮುಂಚೆಯೇ ಪ್ರಯತ್ನಿಸಿ. ಒಳಗೆ ಬಿಡದಿದ್ದರೂ ಹೊರಗಿನ ಧರಣಿ ಪೆಂಡಾಲುಗಳಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಭಾಷಣ ಕೇಳುವುದಕ್ಕಿಂತ ಅಲ್ಲಿ ಕೂತವರನ್ನು "ಯಾವೂರು ಅಕ್ಕಾ? ಏನ್ ಕೇಳಾಕ್ ಬಂದೀರಿ?" ಎಂದು ಮಾತಾಡಿಸಿದರೆ ರಾಜ್ಯದ ಕಷ್ಟ-ಸುಖ ತಿಳಿಯುತ್ತದೆ. ಅಧಿವೇಶನ ಇಲ್ಲದಾಗ ಕಟ್ಟಡವನ್ನು ಹೊರಗಿನಿಂದ ನೋಡಬಹುದು. ಹೆದ್ದಾರಿ ದಾಟುವಾಗ ಓಡಬೇಡಿ. ವಾಪಸ್ ಬರಲು ಯಾವ ಬಸ್ಸು ಎಂದು ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಮಾತು

ಕನ್ನಡದಲ್ಲೇ ಶುರು ಮಾಡಿ. ಬಹಳಷ್ಟು ಕಡೆ ಕನ್ನಡದಲ್ಲೇ ಉತ್ತರ ಬರುತ್ತದೆ, ಕೆಲವೆಡೆ ಮರಾಠಿಯಲ್ಲಿ. ಎರಡೂ ಕಲಿತರೆ ನಷ್ಟವೇನಿಲ್ಲ. ಮೈಸೂರು, ಮಂಡ್ಯದಿಂದ ಬಂದವರು "ರೀ" ಹಚ್ಚುವುದನ್ನು ಬೇಗ ರೂಢಿ ಮಾಡಿಕೊಳ್ಳಿ: ಬರ್ರಿ, ಹೇಳ್ರಿ, ಕೊಡ್ರಿ. ಗಡಿ ಜಗಳದ ಚರ್ಚೆಗೆ ಚಹಾದಂಗಡಿ ಸರಿಯಾದ ಜಾಗವಲ್ಲ. ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆಗೆ ಮಾತ್ರ ಚೆನ್ನಮ್ಮ ವೃತ್ತದ ಕಡೆ ತಪ್ಪದೆ ಹೋಗಿ. ಜಿಲ್ಲೆಯ ಮೂಲೆಮೂಲೆಯಿಂದ ಜನ ಬಂದು ರಾತ್ರಿಯವರೆಗೂ ಕುಣಿಯುತ್ತಾರೆ. ಅಂದು ಬೈಕ್ ಬೇಡ, ಮೊಬೈಲ್ ಒಳಜೇಬಿನಲ್ಲಿರಲಿ.

ಸುತ್ತಿದ ಮೇಲೆ ರೂಂ ಹುಡುಕಿ

ಮೊದಲ ವರ್ಷ ಹಾಸ್ಟೆಲ್ ಅಥವಾ ಸಿಕ್ಕ ಪಿ.ಜಿ.ಯಲ್ಲಿ ಇದ್ದುಬಿಡಿ. ಊರೆಲ್ಲ ಕಾಲಿಗೆ ಗೊತ್ತಾದ ಮೇಲೆ ಎರಡನೇ ವರ್ಷಕ್ಕೆ ರೂಂ ನೋಡಿ. ಉದ್ಯಮಬಾಗದಲ್ಲಿ ಓದುವವರಿಗೆ ಟಿಳಕವಾಡಿ, ಅನಗೋಳ ಕಡೆ ಅನುಕೂಲ. ನೆಹರು ನಗರದಲ್ಲಿ ಓದುವವರು ಹಳಿ ದಾಟಿ ದಕ್ಷಿಣದ ಬಡಾವಣೆಗಳಲ್ಲಿ ರೂಂ ಮಾಡಿದರೆ ದಿನಾ ಊರ ನಡುವಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುತ್ತಾರೆ. ಗೇಟಿನ ಪಕ್ಕದ ರೂಂ ಬಾಡಿಗೆ ಕಡಿಮೆ ಅಂತ ಖುಷಿಪಡುವ ಮೊದಲು ರಾತ್ರಿ ರೈಲಿನ ಹಾರ್ನ್ ಒಮ್ಮೆ ಕೇಳಿ ಬನ್ನಿ.

ನೀರಿನ ವಿಷಯ ಕೇಳಲು ಮರೆಯಬೇಡಿ. ಊರಿಗೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಕೆಲವು ಕಡೆ ದಿನವಿಡೀ ನೀರು, ಕೆಲವು ಕಡೆ ದಿನ ಬಿಟ್ಟು ದಿನ ಬರುವ ಲೆಕ್ಕ. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಇದೆಯಾ, ಟ್ಯಾಂಕಿಗೆ ಎಷ್ಟು ಜನ ಪಾಲುದಾರರು ಎಂದು ಕೇಳಿ. ಡಿಪಾಸಿಟ್ ಕೊಟ್ಟದ್ದಕ್ಕೆ ಚೀಟಿ ಬರೆಸಿಕೊಳ್ಳಿ. ಮತ್ತೆ ಮಳೆಗಾಲದಲ್ಲಿ ಗೋಡೆ ಸೋರುತ್ತದಾ, ಬಟ್ಟೆ ಒಣಗುತ್ತವಾ ಎಂಬುದನ್ನು ಮಾಲೀಕರನ್ನಲ್ಲ, ಈಗ ಆ ರೂಮಿನಲ್ಲಿರುವ ಹುಡುಗರನ್ನು ಕೇಳಿ.